ತುಂಬೆಯನ್ನು ಗುರುತಿಸಿ ಬೆಳೆಸುವ ಬಗೆ

ಮುಂಗಾರು ಹಿಡಿದ ಮೇಲೆ ಕೊಪ್ಪಳದ ಮಸಾರಿ ಹೊಲಗಳ ಬದುಗಳಲ್ಲಿ ತಾನಾಗಿಯೇ ಹುಟ್ಟುವ ತುಂಬೆ, ಸಾಮಾನ್ಯವಾಗಿ ಮೊಣಕಾಲೆತ್ತರವನ್ನು ಮೀರದ ಏಕವಾರ್ಷಿಕ ಮೂಲಿಕೆ. ಗುರುತಿಸಲು ಮೊದಲು ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಬೇಕು. ತುಳಸಿಯ ಕುಟುಂಬಕ್ಕೇ ಸೇರಿದ ಇದರ ಕಾಂಡ ದುಂಡಗಿರದೆ ಚೌಕಾಕಾರವಾಗಿದ್ದು, ರೋಮಗಳಿಂದ ಒರಟಾಗಿರುತ್ತದೆ. ಕಿರಿದಾದ ಎಲೆಗಳು ಎದುರುಬದುರಾಗಿ ಮೂಡುತ್ತವೆ. ಗೆಣ್ಣುಗಳಲ್ಲಿ ಚೆಂಡಿನಂತೆ ಗುಂಪುಗೂಡಿದ ಹಸಿರು ಪುಷ್ಪಪಾತ್ರೆಗಳಿಂದ ಹೊರಚಾಚುವ ಅಚ್ಚ ಬಿಳಿಯ ಹೂವಿಗೆ ಎರಡು ತುಟಿಗಳಿದ್ದು, ಮೇಲಿನದು ರೋಮಭರಿತ ಮುಸುಕಿನಂತೆ ಬಾಗಿದರೆ ಕೆಳಗಿನದು ಅಗಲವಾಗಿ ಹರಡಿಕೊಂಡಿರುತ್ತದೆ. ಶಿವಪೂಜೆಗೆ ಈ ಹೂವನ್ನು ಬಿಡಿಸಿದವರಿಗೆ, ಅದರ ಬುಡದ ಜೇನನ್ನು ಹೀರಿದ ಮಕ್ಕಳಿಗೆ, ಇಷ್ಟು ವಿವರಣೆಯ ಅಗತ್ಯವೇ ಇಲ್ಲ.

ಗಂಗಾವತಿಯ ಕಾಲುವೆಯಂಚಿನ ತೇವದಲ್ಲಿ ಬೆಳೆಯುವ ಗರುಗದ ಹೂವೂ ಬಿಳಿಯೇ, ಆದರೆ ಅದು ಪುಟ್ಟ ಬಿಲ್ಲೆಯಂತಿರುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಕಾಂಗ್ರೆಸ್ ಹುಲ್ಲಿನ ಬಗ್ಗೆ. ಗಜ್ಜರಿಯ ಸೊಪ್ಪಿನಂತೆ ಸೀಳಿದ ಎಲೆ ಕಂಡರೆ ಬರಿಗೈಯಲ್ಲಿ ಮುಟ್ಟಬಾರದು, ಚರ್ಮಕ್ಕೆ ಅಲರ್ಜಿಯಾಗಬಹುದು.

ಬೆಳೆಸುವುದು ಸುಲಭ. ಒಣಗಿ ಕಂದಿದ ಹೂಗೊಂಚಲನ್ನು ಕಾಗದದ ಮೇಲೆ ಉಜ್ಜಿದರೆ ಮೂರು ಮೂಲೆಯ ಸಣ್ಣ ಕಂದು ಬೀಜಗಳು ಉದುರುತ್ತವೆ. ಅವನ್ನು ಮರಳಿನೊಂದಿಗೆ ಬೆರೆಸಿ, ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಮಣ್ಣಿನ ಮೇಲೆ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ ನೀರು ಚಿಮುಕಿಸಬೇಕು. ಸಸಿಗಳ ನಡುವೆ ಒಂದು ಗೇಣು ಅಂತರವಿರಲಿ. ಕಪ್ಪು ಎರೆ ಮಣ್ಣಿನ ಕುಂಡವಾದರೆ ಮರಳು ಸೇರಿಸುವುದು ಒಳ್ಳೆಯದು. ಹೊಲದಲ್ಲಿ ಕಳೆಯಾಗಿ ಬದುಕುವ ಗಿಡಕ್ಕೆ ಗೊಬ್ಬರದ ಉಪಚಾರ ಅನವಶ್ಯಕವೆಂಬುದು ನನ್ನ ಅಭಿಪ್ರಾಯ. ನಾಲ್ಕಾರು ಗಿಡಗಳನ್ನು ಕೀಳದೆ ಒಣಗಲು ಬಿಟ್ಟರೆ, ಉದುರಿದ ಬೀಜಗಳೇ ಮುಂದಿನ ಮಳೆಗೆ ಮೊಳೆಯುತ್ತವೆ.