ನೇತ್ರದಾನದ ರಾಯಭಾರಿಯಾಗಿ ನನ್ನ ಅನುಭವ

ನಮ್ಮ ತಾಲ್ಲೂಕಿನ ಸ್ವಯಂಸೇವಕರು ಏಳು ವರ್ಷದ ಹಿಂದೆ ನನ್ನನ್ನು ನೇತ್ರದಾನದ ರಾಯಭಾರಿ ಮಾಡಿದರು. ಯುನಿಸೆಫ್‌ನಲ್ಲಿ 1954ರಲ್ಲಿ ನಟ ಡ್ಯಾನಿ ಕೇ ಅವರಿಂದ ಶುರುವಾದ ಈ ಸದ್ಭಾವನಾ ರಾಯಭಾರಿ ಕೆಲಸಕ್ಕೆ ಹೆಸರಾದವರನ್ನೇ ಕರೆಯುವುದು ರೂಢಿ. ನಾನು ಹೈಸ್ಕೂಲ್ ಮೇಷ್ಟ್ರು.

ಮೊದಲ ವರ್ಷ ಜಾತ್ರೆ, ಗಣೇಶನ ಪೆಂಡಾಲ್, ಜನ ಸೇರುವ ಕಡೆಯೆಲ್ಲ ಮೇಜು ಹಾಕಿ ಅರ್ಜಿ ತುಂಬಿಸಿದೆ. ಇನ್ನೂರಕ್ಕೂ ಜಾಸ್ತಿ ಬಂದವು, ಖುಷಿಯೋ ಖುಷಿ. ಆಮೇಲೆ ಅರ್ಜಿ ಕೊಟ್ಟಿದ್ದ ಹಿರಿಯರೊಬ್ಬರು ತೀರಿಕೊಂಡರು. ನನಗೆ ಗೊತ್ತಾಗಿದ್ದು ಮಾರನೇ ದಿನ, ಮಣ್ಣಾದ ಮೇಲೆ. "ಅಪ್ಪ ಬರೆದುಕೊಟ್ಟಿದ್ದು ನಮಗೆ ಗೊತ್ತೇ ಇರಲಿಲ್ಲ ಸಾರ್" ಅಂದ ಮಗ. ಕಾರ್ಡು ಬೀರುವಿನಲ್ಲೇ ಇತ್ತು. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಒಪ್ಪಿಗೆ ಕೊಡಬೇಕಾದವರು ಮನೆಯವರು. ನಾನು ಅವರ ಹತ್ತಿರ ಮಾತೇ ಆಡಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಒಬ್ಬರೇ ಬಂದು ಅರ್ಜಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಮನೆಗೇ ಹೋಗುತ್ತೇನೆ. ಹೆಂಡತಿ, ಮಕ್ಕಳು, ಸೊಸೆ ಎಲ್ಲರ ಎದುರಿಗೇ ಮಾತಾಡುತ್ತೇನೆ. ಮುಖ ಕೆಡುತ್ತಾ, ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ತಾರಾ ಅಂತ ಕೇಳಿಯೇ ಕೇಳುತ್ತಾರೆ. ಕೇಳಲಿ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಅದೇ ಒಳ್ಳೆಯದು ಅಲ್ವಾ? ಇಪ್ಪತ್ತು ನಿಮಿಷದ ಕೆಲಸ, ಮುಖ ಹಾಗೇ ಇರುತ್ತದೆ, ಕನ್ನಡಕ ಹಾಕಿದವರೂ ಶುಗರ್ ಇದ್ದವರೂ ಪೊರೆ ಆಪರೇಷನ್ ಆದವರೂ ಕೊಡಬಹುದು ಅಂತ ನಿಧಾನಕ್ಕೆ ಹೇಳುತ್ತೇನೆ. ಜೀವ ಹೋದ ಕೂಡಲೇ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ, ಮೊದಲು ಐ ಬ್ಯಾಂಕಿಗೆ ಫೋನ್ ಮಾಡಿ. ಇಷ್ಟನ್ನು ಚೀಟಿಯಲ್ಲಿ ಬರೆದು ದೇವರ ಕೋಣೆಯ ಬಾಗಿಲಿಗೆ ಅಂಟಿಸಿ ಬರುತ್ತೇನೆ.

2021ರ ಅಕ್ಟೋಬರ್ 29ರಂದು ಅಪ್ಪು ಹೋದರು. ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ನೋಟ ಬಂತು. 2006ರಲ್ಲಿ ಅಣ್ಣಾವ್ರ ಕಣ್ಣುಗಳನ್ನೂ ಮನೆಯವರು ದಾನ ಮಾಡಿದ್ದರು. ಅಂಥ ದುಃಖದಲ್ಲೂ ಒಪ್ಪಿದರಲ್ಲ, ಅದು ಎಷ್ಟು ಭಾಷಣಕ್ಕೆ ಸಮ! ಆಮೇಲೆ ನಮ್ಮ ಕಡೆಯ ಹುಡುಗರು ತಾವಾಗಿಯೇ ಹುಡುಕಿಕೊಂಡು ಬಂದರು. ಅವರಿಗೂ ನಾನು ಹೇಳಿದ್ದು ಒಂದೇ, ಮೊದಲು ಅಮ್ಮನನ್ನು ಕರ್ಕೊಂಡು ಬಾ.

ಹೋದ ವರ್ಷ ಮಳೆಗಾಲದಲ್ಲಿ ಪಕ್ಕದ ಬೀದಿಯ ಅಜ್ಜಿ ನಡುರಾತ್ರಿ ತೀರಿಕೊಂಡರು. ಸೊಸೆ ಚೀಟಿ ನೋಡಿ ಐ ಬ್ಯಾಂಕಿಗೆ ತಾನೇ ಫೋನ್ ಮಾಡಿದ್ದಾಳೆ. ನನಗೆ ಫೋನ್ ಬಂದದ್ದು ಬೆಳಗ್ಗೆ, ಅವರು ಕಣ್ಣು ತೆಗೆದುಕೊಂಡು ಹೋದ ಮೇಲೆ.