ನಿಧಾನಗೊಳಿಸಿದ ಹಾಡನ್ನು ಮೂಲ ಶ್ರುತಿಗೆ ತರಲು

ರೀಲ್ಸ್‌ಗಳಲ್ಲಿ ಎಳೆದೆಳೆದು ಕೇಳಿಸುವ ‘ಸ್ಲೋಡ್’ ಹಾಡು ಯಾವುದೆಂದು ಗುರುತು ಸಿಗದಿದ್ದರೆ, ಅದನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ನಲ್ಲಿ ವೇಗವನ್ನು 1.25 ಪಟ್ಟು ಮಾಡಿ ಕೇಳಿ. ಇಂಥ ಹಾಡುಗಳನ್ನು ಅನೇಕ ಸಲ 0.8ರ ಆಸುಪಾಸಿನ ವೇಗಕ್ಕೆ ಇಳಿಸಿರುತ್ತಾರೆ. ಹಳೆಯ ಕ್ಯಾಸೆಟ್ ನಿಧಾನವಾಗಿ ಓಡಿದ ಹಾಗೆ, ಲಯದ ಜೊತೆಗೆ ಶ್ರುತಿಯೂ ಸುಮಾರು ನಾಲ್ಕು ಅರ್ಧಸ್ವರ ಕುಸಿಯುತ್ತದೆ. ಗಾಯಕಿಯ ದನಿ ಗಂಡಸಿನದೆನಿಸುವುದು ಇದಕ್ಕೇ. ಯೂಟ್ಯೂಬ್‌ನ ವೇಗದ ಆಯ್ಕೆ ಇಲ್ಲಿ ಸಾಲದು: ಅದು ಲಯವನ್ನಷ್ಟೇ ಏರಿಸಿ ಶ್ರುತಿಯನ್ನು ಇದ್ದಲ್ಲೇ ಬಿಡುತ್ತದೆ. ಇನ್ನೂ ಹೆಚ್ಚು ಎಳೆದಿದ್ದರೆ 1.3, 1.4 ಎಂದು ಏರಿಸುತ್ತ ಹೋಗಿ, ದನಿ ಸಹಜವೆನಿಸಿದಲ್ಲಿ ನಿಲ್ಲಿಸಿ. ಶ್ರುತಿ ಬದಲಿಸದೆ ಲಯವನ್ನು ಮಾತ್ರ ಇಳಿಸಿದ ಹಾಡಿಗೆ ಈ ಉಪಾಯ ನಡೆಯದು. ಮೇಲೆ ಸುರಿದ ರಿವರ್ಬ್ (ಪ್ರತಿಧ್ವನಿಯ ಪರಿಣಾಮ) ಕೂಡ ಹೋಗುವುದಿಲ್ಲ. ಬಾವಿಯೊಳಗಿಂದ ಹಾಡಿದಂತೆಯೇ ಕೇಳಿಸುತ್ತದೆ.