ನಂಬುವವರ ಜೊತೆ ವಾದಕ್ಕೆ ಕೂರುವಾಗ

ನಾನು ದೇವರನ್ನು ನಂಬುವವನಲ್ಲ. ಊರು ಉಡುಪಿ ಕಡೆ, ಹೊಟ್ಟೆಪಾಡು ಮುಂಬೈಯಲ್ಲಿ. ಇಲ್ಲಿ ನನಗೆ ಹತ್ತಿರವಾದ ಇಬ್ಬರು ಗಟ್ಟಿ ಕ್ರೈಸ್ತರು. ಒಬ್ಬ ಮಂಗಳೂರಿನ ಕೆಥೊಲಿಕ್, ಬುಧವಾರ ಬಂದರೆ ಮಾಹಿಮ್ ಚರ್ಚಿನ ನೊವೆನಾ ತಪ್ಪಿಸುವುದಿಲ್ಲ. ಇನ್ನೊಬ್ಬರು ಕಲಬುರಗಿಯವರು, ಕನ್ನಡದಲ್ಲೇ ಆರಾಧನೆ ನಡೆಸುವ ಸಣ್ಣ ಸಭೆಯ ಪಾಸ್ಟರ್. ಅಂಧೇರಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ: ಯೇಸು ಸತ್ತು ನಿಜವಾಗಿಯೂ ಎದ್ದು ಬಂದನಾ?

ಕೆಲವು ವಿಷಯಗಳನ್ನು ನಾನು ಎತ್ತುವುದೇ ಇಲ್ಲ. ಮತಾಂತರ ಬೇಡ. ಗೋವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯೂ ಬೇಡ. 1560ರಿಂದ 1812ರವರೆಗೆ ಅದು ನಡೆದದ್ದು ನಿಜ, ಕ್ರೂರವಾಗಿದ್ದದ್ದೂ ನಿಜ. ಆದರೆ ಅದರಿಂದ ಯೆರೂಸಲೇಮಿನ ಸಮಾಧಿ ಖಾಲಿಯಿತ್ತೋ ಇಲ್ಲವೋ ಗೊತ್ತಾಗುವುದಿಲ್ಲ, ಅಲ್ವಾ? ಯೇಸು ಅನ್ನುವವನೇ ಇರಲಿಲ್ಲ ಅಂತಲೂ ವಾದಿಸುವುದಿಲ್ಲ. ರೋಮಿನ ಅಧಿಕಾರಿ ಪಿಲಾತನ ಕಾಲದಲ್ಲಿ ಅವನಿಗೆ ಮರಣದಂಡನೆ ಆಯಿತೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನನಗೆ ಅಷ್ಟು ಸಾಕು.

ಪವಾಡದ ಮೂರ್ತಿಗಳ ತಂಟೆಗಂತೂ ಹೋಗುವುದಿಲ್ಲ. 2012ರಲ್ಲಿ ಇಲ್ಲೇ ವಿಲೇಪಾರ್ಲೆಯ ಇರ್ಲಾದಲ್ಲಿ ಶಿಲುಬೆಯ ಮೂರ್ತಿಯಿಂದ ನೀರು ತೊಟ್ಟಿಕ್ಕಿತು. ಅದು ಕಟ್ಟಿಕೊಂಡ ಚರಂಡಿಯ ನೀರು ಗೋಡೆಯಲ್ಲಿ ಏರಿ ಬಂದದ್ದು ಅಂತ ವಿಚಾರವಾದಿ ಸನಲ್ ಎಡಮರುಕು ತೋರಿಸಿದರು. ಧಾರ್ಮಿಕ ಭಾವನೆಗೆ ಧಕ್ಕೆ ಅಂತ 295ಎ ಕಲಮಿನಡಿ ಅವರ ಮೇಲೆ ದೂರು ಬಿತ್ತು. ಅವರು ಫಿನ್‌ಲ್ಯಾಂಡಿಗೆ ಹೋಗಬೇಕಾಯಿತು. ನನಗೆ ಅವರಷ್ಟು ಧೈರ್ಯ ಇಲ್ಲ. ನನ್ನ ವಾದವೇನಿದ್ದರೂ ಪರಿಚಯದವರ ಜೊತೆ, ಟೇಬಲ್ಲಿನ ಆಚೆ ಈಚೆ ಕೂತು.

ಅವರ ಪುಸ್ತಕವನ್ನೇ ತೆಗೆಸುತ್ತೇನೆ. ಪಾಸ್ಟರ್ ಚೀಲದಲ್ಲಿ ಜಿಪ್ ಕವರಿನ ಸತ್ಯವೇದ, ಅಂದರೆ ಬೈಬಲ್, ಸದಾ ಇರುತ್ತದೆ, ಪುಟ ಪುಟಕ್ಕೂ ಕೆಂಪು ಗೆರೆ. ಮೊದಲು, ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೇ ಪತ್ರಿಕೆಯ (ಅಂದರೆ ಕಾಗದದ) 15ನೇ ಅಧ್ಯಾಯ. ಪೌಲ ಅಂದರೆ ಆ ಕಾಲದಲ್ಲಿ ಊರೂರು ತಿರುಗಿ ಯೇಸುವಿನ ಬಗ್ಗೆ ಸಾರಿದವನು. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ವ್ಯರ್ಥ ಅಂತ ಪೌಲನೇ ಹೇಳಿಬಿಟ್ಟಿದ್ದಾನೆ. ಅಲ್ಲಿಗೆ ಎಲ್ಲಿ ವಾದ ಮಾಡಬೇಕು ಅನ್ನುವುದು ತೀರ್ಮಾನವಾಯಿತು.

ಆಮೇಲೆ ಮಾರ್ಕನ 16ನೇ ಅಧ್ಯಾಯ. ಯೇಸುವಿನ ಬದುಕಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಹಳೆಯದು ಅನ್ನುತ್ತಾರೆ ಹೆಚ್ಚಿನ ವಿದ್ವಾಂಸರು. 4ನೇ ಶತಮಾನದ ಸೈನಾಯ್ಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಅದು 8ನೇ ವಚನಕ್ಕೇ ಮುಗಿಯುತ್ತದೆ. ಸಮಾಧಿಗೆ ಹೋದ ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಎದ್ದ ಯೇಸು ಕಾಣಿಸಿಕೊಳ್ಳುವುದು ಆಮೇಲಿನ ಹನ್ನೆರಡು ವಚನಗಳಲ್ಲಿ, ಅವು ಅಲ್ಲಿಲ್ಲ. "ಇರಲಿ ಸರ್, 6ನೇ ವಚನ ಓದ್ರಿ. ಎದ್ದಾನಂತ ಅಲ್ಲೇ ಅದಲ್ಲ?" ಅಂದರು ಪಾಸ್ಟರ್. ಸರಿಯಾದ ಮಾತು. ಅದಕ್ಕೇ ಈ ಒಂದು ಏಟಿಗೆ ಯಾರಾದರೂ ಬೀಳುತ್ತಾರೆ ಅಂತ ನಾನು ಎಣಿಸುವುದಿಲ್ಲ.

ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ ಅನ್ನುತ್ತದೆ ಮತ್ತಾಯನ ಸುವಾರ್ತೆ, ರೋಮಿನ ಅಧಿಕಾರಿ ಕುರೇನ್ಯನ ಜನಗಣತಿ ಹೊತ್ತಿಗೆ ಅನ್ನುತ್ತದೆ ಲೂಕನದು. ಆದರೆ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಆ ಜನಗಣತಿ ಕ್ರಿ.ಶ. 6ರಲ್ಲಿ. ಹಾಗಾದರೆ ಯೇಸು ಹುಟ್ಟಿದ್ದು ಯಾವಾಗ? ಸತ್ಯವೇದದ ಒಂದಕ್ಷರವೂ ತಪ್ಪಲ್ಲ ಅನ್ನುವ ಪಾಸ್ಟರಿಗೆ ಇದು ತಲೆಬಿಸಿ. ಮಂಗಳೂರಿನವನಿಗೆ ಏನೂ ಅಲ್ಲ. "ನಮಗೆ ಬರೀ ಪುಸ್ತಕ ಅಲ್ಲ ಮಾರಾಯ, ಪರಂಪರೆಯೂ ಉಂಟು" ಅಂತ ಚಹಾ ಹೀರುತ್ತಾನೆ. ಎದುರಿಗಿರುವವರು ಯಾವ ಸಭೆಯವರು ಅಂತ ತಿಳಿಯದೆ ವಾದ ಶುರು ಮಾಡಿದರೆ ಸುಮ್ನೆ ಹೊತ್ತು ಹಾಳು.

ಪಾಸ್ಟರ್ ಪ್ರಾರ್ಥನೆಯಿಂದ ಕುಡಿತ ಬಿಟ್ಟವರು. ಸಭೆಯಲ್ಲಿ ಆ ಸಾಕ್ಷಿ ಹೇಳುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಯ್ಯಪ್ಪ ಮಾಲೆ ಹಾಕಿ ಬಿಟ್ಟವರೂ ನಮ್ಮೂರಲ್ಲಿದ್ದಾರೆ ಅಂತ ಮಾತ್ರ ಹೇಳಿದೆ. "ಮಾಲಿ ತೆಗದ ಮ್ಯಾಲ?" ಅಂದರು. ಹೋಟೆಲೆಲ್ಲ ತಿರುಗಿ ನೋಡುವ ಹಾಗೆ ನಕ್ಕೆವು.

ನನ್ನ ಅಳತೆಗೋಲನ್ನೂ ಅವರು ಪರೀಕ್ಷೆ ಮಾಡಿದ್ದಾರೆ. ಕನಕನಿಗಾಗಿ ಕೃಷ್ಣ ಹಿಂದೆ ತಿರುಗಿ ಗೋಡೆ ಬಿರಿಯಿತಂತೆ, ನಂಬುತ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಹಾಗೆ ಅನ್ನಲು ಬಾಯಿ ಬಾರದವರು ಇನ್ನೊಬ್ಬರ ಪವಾಡದ ಮೇಲೆ ವಾದಕ್ಕೆ ಇಳಿಯಬಾರದು.

ಅವರ ಕಡೆಯ ಗಟ್ಟಿ ಸಾಕ್ಷ್ಯ ಅದೇ 15ನೇ ಅಧ್ಯಾಯದಲ್ಲಿದೆ. ಕ್ರಿ.ಶ. 55ರ ಸುಮಾರಿಗೆ, ಅಂದರೆ ಮಾರ್ಕನಿಗಿಂತ ಮೊದಲೇ, ಎದ್ದ ಕ್ರಿಸ್ತ ಯಾರ್ಯಾರಿಗೆ ಕಂಡ ಅಂತ ಪೌಲ ಪಟ್ಟಿ ಕೊಡುತ್ತಾನೆ: ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಜಾಸ್ತಿ ಸಹೋದರರು, ಯೇಸುವಿನ ತಮ್ಮ ಯಾಕೋಬ, ಕೊನೆಗೆ ತಾನು. ಐನೂರು ಮಂದಿಯ ಹೆಸರಿಲ್ಲ, ಊರಿಲ್ಲ. ಪೌಲ ದಮಸ್ಕದ ದಾರಿಯಲ್ಲಿ ಬೆಳಕು ಕಂಡ ಕಥೆ ಸತ್ಯವೇದದ 'ಅಪೊಸ್ತಲರ ಕೃತ್ಯಗಳು' ಭಾಗದಲ್ಲಿದೆ; ತನಗೆ ಕಂಡದ್ದನ್ನೂ ಅವನು ಇದೇ ಪಟ್ಟಿಗೆ ಸೇರಿಸುತ್ತಾನೆ. ಹಾಗಿದ್ದರೆ ಉಳಿದವರು ಕಂಡದ್ದೂ ದರ್ಶನವೇ ಯಾಕಾಗಿರಬಾರದು ಅನ್ನುವುದು ನನ್ನ ಪ್ರಶ್ನೆ. ದುಃಖದಲ್ಲಿರುವವರಿಗೆ ಸತ್ತವರು ಕಾಣುವುದು ಹೊಸದೇನಲ್ಲ.

ಯಾಕೋಬನ ವಿಷಯದಲ್ಲಿ ಪಾಸ್ಟರ್ ಪಟ್ಟು ಬಿಡುವುದಿಲ್ಲ. ಯೇಸು ಬದುಕಿದ್ದಾಗ ತಮ್ಮಂದಿರೇ ನಂಬಲಿಲ್ಲ ಅಂತ ಯೋಹಾನ ಹೇಳುತ್ತಾನೆ. ಅಂಥ ತಮ್ಮ ಯೆರೂಸಲೇಮ್ ಸಭೆಗೇ ಹಿರಿಯನಾದದ್ದು ಹೇಗೆ? ಒಳ್ಳೆಯ ಪ್ರಶ್ನೆ. ಪೌಲ ಇದೇ ಯಾಕೋಬನನ್ನು ನೋಡಿ ಬಂದೆ ಅಂತ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲನೇ ಅಧ್ಯಾಯದಲ್ಲಿ ಹೇಳಿಕೊಂಡಿದ್ದಾನೆ. ಈ ವಾರ ಲೋಕಲ್‌ನಲ್ಲಿ ಸೀಟು ಸಿಕ್ಕಿದಾಗೆಲ್ಲ ಅದನ್ನೇ ಓದುತ್ತಿದ್ದೇನೆ.